ಐದನೆಯ ತೆರೆ

ಮಗು ಮಲಗಿಯೇ ಇರಬೇಕು ಅಂದಿದ್ದೆ.
ಮಾಜಾಳಿಯಿಂದ ಮೊದಲ ಬಸ್ಸಿಗೆ ಬಂದ ಸುಗಂಧಾ ತಾಂಡೇಲ
ಹನ್ನೊಂದರ ತನಕ ತೊಡೆಯ ಮೇಲೆ ತೂಗಿದಳು.
ಸೆರಗಿನ ಬಂಗಡೆ ವಾಸನೆಯೇ ಜೋಗುಳ.

ಹಣೆಗೊಂದು, ಕಿವಿಗಳ ಹಿಂದೆ ಒಂದೊಂದು ತಂತಿ.
ಟಿಕ್ ಟಿಕ್ ಟಿಕ್. ಎರಡು ಸಾವಿರ ಸಲ.
ಒಂದೆರಡು ಸಾಲದು ಅಕ್ಕಾ,
ತಲೆಯೊಳಗೂ ಬೈತಖೋಲದ ಗದ್ದಲ,
ಕೂಡಿಸಿ ಕೂಡಿಸಿ ಸೋಸಬೇಕು.

ತೆರೆಯ ಮೇಲೆ ತೆರೆ ಏಳುತ್ತದೆ.
ಮೊದಲನೆಯದು ನರದ್ದು. ಎರಡು.
ಮೂರು, ಮಿದುಳಿನ ಬುಡದಲ್ಲಿ;
ಸದ್ದು ಎಡದ್ದೋ ಬಲದ್ದೋ, ಅಲ್ಲೇ ಎಲ್ಲೋ ತೀರ್ಮಾನ,
ಯಜಮಾನನನ್ನು ಎಬ್ಬಿಸದೆ.
ನಾಲ್ಕು, ಮಸುಕು.

ಐದಕ್ಕೆ ಕಾಯುತ್ತೇನೆ. ಏಳು ಮಿಲಿಸೆಕೆಂಡು.
ಅದರಾಚೆ ಥಲಾಮಸ್ಸಿನ ಬಾಗಿಲು,
ನಿದ್ದೆಯಲ್ಲಿ ಅರ್ಧ ಮುಚ್ಚಿದ್ದು.
ಒಳಗೆ ಯಾರು ಕೇಳಿಸಿಕೊಳ್ಳುತ್ತಾರೋ
ಈ ಯಂತ್ರಕ್ಕೆ ಗೊತ್ತಿಲ್ಲ.

'ಬಂತಾ?' ಎನ್ನುತ್ತಾಳೆ ಸುಗಂಧಾ,
ದೋಣಿ ಕಾಯುವ ದನಿ.

ಬಲಗಿವಿ: ಬಂತು, ತುಸು ತಡ.
ಎಡಗಿವಿ: ಇಳಿತದ ಮರಳು, ಸಪಾಟು.

ಇನ್ನೊಂದು ಸಲ ನೋಡುವಾ ಎಂದು ಗುಂಡಿ ಒತ್ತುವಷ್ಟರಲ್ಲಿ
ಅವಳು ಬಲಕ್ಕೆ ಬಾಗಿ
ಇನ್ನೂ ಯಾರಿಗೂ ಹೇಳದ ಹೆಸರೊಂದನ್ನು ಕರೆದಳು.
ಮಗುವಿನ ಹುಬ್ಬು ಅಲುಗಿತು.
ಗೆರೆಗಳೆಲ್ಲ ಚೆಲ್ಲಾಪಿಲ್ಲಿ, ಪರೀಕ್ಷೆ ಕೆಟ್ಟಿತು.

ಕರೆಯಲಿ ಎಂದು ಬಿಟ್ಟೆ.