ತೊಂಬತ್ತು ದಿನಕ್ಕೊಮ್ಮೆ

ತೊಂಬತ್ತು ದಿನಕ್ಕೊಮ್ಮೆ ಹೋಗಿ ಹೇಳಿ ಬರಬೇಕು ನಾವು:
ಇದ್ದೇವೆ, ಅದೇ ಬೀದಿ, ಅದೇ ಮೂರನೇ ಮಹಡಿ,
ಹೆಂಡತಿಯೂ ಅವಳೇ.
ಕೊನೆಯದನ್ನು ಫಾರಮ್ಮು ಕೇಳುವುದಿಲ್ಲ,
ನಾನೇ ಮನಸ್ಸಿನಲ್ಲಿ ಸೇರಿಸಿಕೊಳ್ಳುತ್ತೇನೆ.
ಚಿಯಾಂಗ್ ಮಾಯ್‌ನ ವಲಸೆ ಕಚೇರಿಯ ಹುಡುಗಿ
ತಲೆಯೆತ್ತದೆ ಠಸ್ಸೆ ಒತ್ತಿ
ಪಾಸ್‌ಪೋರ್ಟಿಗೊಂದು ಚೀಟಿ ಪಿನ್ನು ಹೊಡೆಯುತ್ತಾಳೆ.
ಇನ್ನು ಮೂರು ತಿಂಗಳು ಬದುಕಲು ಅಡ್ಡಿಯಿಲ್ಲ.

ಅಲ್ಲಿ ಸಾಲದ ಪಿಂಚಣಿ ಇಲ್ಲಿ ಮಿಗುತ್ತದೆ ಎಂದರು, ಬಂದೆವು.
ಎಂಟು ಲಕ್ಷ ಬಾತ್ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿರಬೇಕು,
ಮುಟ್ಟುವ ಹಾಗಿಲ್ಲ, ಅದು ಕರಾರು.
ಮುಟ್ಟದೆ ಇಡುವುದು ನನಗೆ ಕಷ್ಟವೇ?
ಹಮಾಮತ್ಸುವಿನ ಬೇರಿಂಗ್ ಕಂಪನಿಯಲ್ಲಿ ನಲವತ್ತೊಂದು ವರ್ಷ,
ಬೆಳಿಗ್ಗೆ ಆರೂವರೆಗೆ ಹೊರಟರೆ ರಾತ್ರಿ ಹನ್ನೊಂದು.
ಚಿಜುರು ಅಂದರೆ ಆಗ
ಬಾಗಿಲ ಸದ್ದಿಗೆ ಒಳಗಿನಿಂದ ಬರುವ ಒಂದು ಮಾತು: ‘ಬಂದಿರಾ.’
ಮುಚ್ಚಿಟ್ಟ ಬಟ್ಟಲು. ಕಾದ ಸ್ನಾನದ ನೀರು.
ಲೆಕ್ಕ ಹಾಕಿದ್ದೇನೆ, ಅದೊಂದು ಚೆನ್ನಾಗಿ ಬರುತ್ತದೆ:
ಇಬ್ಬರೂ ಎಚ್ಚರವಿದ್ದು ಎದುರುಬದುರು ಕೂತದ್ದು
ಅಷ್ಟೂ ಕೂಡಿದರೆ ಆರು ವರ್ಷ ತುಂಬುವುದಿಲ್ಲ.
ಈಗ ನೋಡಿ, ಇಡೀ ದಿನ.
ದಿನಾಲೂ.

ಮಾರ್ಚಿನಲ್ಲಿ ಹೊಗೆ. ಎಲ್ಲೋ ಕಾಡು ಸುಡುತ್ತಿರುತ್ತದೆ,
ಕಿಟಕಿಯಲ್ಲಿದ್ದ ಬೆಟ್ಟ ಒಂದು ಬೆಳಿಗ್ಗೆ ಕಾಣೆ.
ಗಾಳಿ ಸೋಸುವ ಯಂತ್ರ ರಾತ್ರಿಯಿಡೀ ಗೊರಕೆ ಹೊಡೆಯುತ್ತದೆ,
ಅವಳು ನನ್ನನ್ನು ತಿವಿಯುತ್ತಾಳೆ.

ಜೂನಿನಲ್ಲಿ ಅವಳ ಉಪ್ಪಿನಕಾಯಿ.
ಉಮೆ ನಮ್ಮ ಸಂತೆಯಲ್ಲಿ ಸಿಗಲಿಲ್ಲ,
ನೆಲ್ಲಿಯಂಥ ಯಾವುದೋ ಹುಳಿಕಾಯಿ ತಂದು ಉಪ್ಪು ಹಾಕಿ
ಮೇಲೆ ಕಲ್ಲು ಹೇರಿದಳು.
ಎರಡು ಭಾಷೆಯಲ್ಲೂ ಅದಕ್ಕೆ ಹೆಸರಿಲ್ಲ.
ಗಂಜಿಗೆ ಚೆನ್ನಾಗಿದೆ.

ಗೋ ಆಡಲು ಬರುತ್ತಿದ್ದ ಹತಾನಾಕಾ ಫೆಬ್ರವರಿಯಲ್ಲಿ ಹೋದ.
ಬೂದಿಯಲ್ಲಿ ಅರ್ಧ ಪಿಂಗ್ ನದಿಗೆ,
ಅರ್ಧ ಆಕಿತಾಗೆ, ಹೆಂಡತಿಯ ಕೈಚೀಲದಲ್ಲಿ.
ವಾಪಸು ಬರುವಾಗ ಕೆಂಪು ಗಾಡಿಯ ಹಿಂದೆ ಕುಲುಕುತ್ತ
‘ನಮ್ಮದು?’ ಎಂದಳು ಚಿಜುರು.
ಚಿಲ್ಲರೆ ಎಣಿಸುತ್ತಿದ್ದೆ.
ತಲಾ ಮೂವತ್ತು ಬಾತ್, ಎಂದೆ.

ಮೊನ್ನೆ ಖಾಲಿ ಡಬ್ಬಿ ಹಿಡಿದು ಕೆಳಗೆ ನೀರಿನ ಯಂತ್ರಕ್ಕೆ ಹೋಗಿದ್ದೆ.
ನಾಣ್ಯ ಹಾಕಿ ನಿಂತಿದ್ದೇನೆ,
ಗೋಡೆಯಾಚೆ ಪಾ ಬುವಾಳ ನೂಡಲ್ ಅಂಗಡಿಯಲ್ಲಿ ಯಾರೋ ನಕ್ಕರು.
ಪಕ್ಕೆ ಹಿಡಿದು ನಗುವ ನಗು,
ಬಾಯಿಗೆ ಕೈ ಅಡ್ಡ ಬಂದಿರದ ನಗು.
ಯಾರಪ್ಪಾ ಈ ಹೆಂಗಸು ಎಂದು ಇಣುಕಿದರೆ
ನನ್ನ ಹೆಂಡತಿ.
ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕಾಲು ಚಾಚಿ ಕೂತು
ಬೆಳ್ಳುಳ್ಳಿ ಸುಲಿಯುತ್ತ ಸರಸರ ಏನೋ ಹೇಳುತ್ತಿದ್ದಾಳೆ ಥಾಯ್‌ನಲ್ಲಿ.
ನನಗಲ್ಲಿ ಅಂಕಿ ಬಿಟ್ಟರೆ ಬೇರೇನೂ ತಿಳಿಯದು.
ಕಿವಿಗೊಟ್ಟೆ.
‘ಸೀ ಸಿಪ್ ಎಟ್’ ಎಂದಳೊಮ್ಮೆ. ನಲವತ್ತೊಂದು.
ಮತ್ತೆ ಇಬ್ಬರೂ ಬಿದ್ದು ಬಿದ್ದು ನಕ್ಕರು.
ಡಬ್ಬಿ ತುಂಬಿ ಚೆಲ್ಲಿ ನನ್ನ ಚಪ್ಪಲಿ ನೆಂದಿತು.

ರಾತ್ರಿ ದೀಪ ಆರಿಸಿದ ಮೇಲೆ ಕೇಳಿದೆ,
ಒಂದು ಮಾತು ಹೇಳಿಕೊಡು. ಅಂಕಿ ಬೇಡ.
ಬಹಳ ಹೊತ್ತು ಸುಮ್ಮನಿದ್ದಳು, ನಿದ್ದೆ ಬಂತೇನೋ ಎಂದುಕೊಂಡೆ.
‘ಮಾ,’ ಎಂದಳು. ಅಂದರೆ ಬಾ.
ದನಿ ಸಮ ಇರಬೇಕು.
ತಗ್ಗಿ ಏರಿತೋ, ನಾಯಿ.
ಮೇಲೆಯೇ ನಿಂತಿತೋ, ಕುದುರೆ.
ಕತ್ತಲಲ್ಲಿ ಹೇಳಿದೆ, ಹೇಳಿದೆ,
ನಾಯಿ ಬಂತು, ಕುದುರೆ ಬಂತು,
ಮಂಚ ಅಲುಗುವಷ್ಟು ನಕ್ಕಳು.

ಇವತ್ತು ಸಂಜೆ ಅಕ್ಕಿ ಬೆಂದು ಕುಕ್ಕರಿನ ದೀಪ ಹಳದಿಗೆ ತಿರುಗಿತ್ತು.
ಬಾಲ್ಕನಿಗೆ ಬಂದು, ಗಂಟಲು ಸರಿಮಾಡಿಕೊಂಡು,
ಬೀದಿಗೆ ಕೇಳುವ ಹಾಗೆ ಕೂಗಿಯೇಬಿಟ್ಟೆ.
ಅಂಗಡಿಯ ಮುಂದೆ ಮಲಗಿದ್ದ ಕಂದು ನಾಯಿ ಎದ್ದು ನಿಂತಿತು.
ಪಾ ಬುವಾ ಸೌಟು ಹಿಡಿದೇ ಮೇಲೆ ನೋಡಿದಳು.
ಚಿಜುರು ಕತ್ತೆತ್ತಲಿಲ್ಲ.
ಮಡಿಲಿನ ಬೆಳ್ಳುಳ್ಳಿ ಸಿಪ್ಪೆ ಕೊಡವಿದಳು,
ಸ್ಟೂಲಿನಡಿ ಕಾಲಾಡಿಸಿ
ಚಪ್ಪಲಿ ಹುಡುಕಿದಳು.