ತಂತಿಯ ಕೆಳಗಿನ ಜಾಗ

ಇಲ್ಲಿ ಯಾರೂ ಮನೆ ಕಟ್ಟುವಂತಿಲ್ಲ.
ಅದಕ್ಕೇ ಇಲ್ಲಿ ಇನ್ನೂ ಆಕಾಶ ಇದೆ,
ಆರು ತಂತಿಗಳು ಗೀರಿ ಗೀರಿ
ಪಾಲು ಹಾಕಿಕೊಂಡ ಆಕಾಶ.

ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ
ನಾನು, ಶಾಹಿದಾ, ಅವಳ ತಮ್ಮನ ಸೈಕಲ್ಲು
(ಸೀಟು ಅವಳಿಗೆ ಎರಡಿಂಚು ಎತ್ತರ)
ಅಂಜನಾಪುರದ ಹಿಂದೆ, ನಲವತ್ತೊಂದನೇ ಟವರಿನ ಬಳಿ
ರಸ್ತೆ ಬಿಟ್ಟು ಇಳಿಯುತ್ತೇವೆ.

ಟಾರು ಮುಗಿದು ಮಣ್ಣು ಶುರುವಾಗುವುದಕ್ಕೆ
ಒಂದು ಸದ್ದಿದೆ.
ಕಿವಿಗಿಂತ ಮೊದಲು ಮೊಣಕೈಗೆ ಕೇಳಿಸುತ್ತದೆ.

ಈ ದಾರಿಯನ್ನು ಯಾರೂ ಹಾಕಲಿಲ್ಲ.
ಲೈನ್‌ಮನ್ನರ ಜೀಪು ವರ್ಷಕ್ಕೆರಡು ಸಲ ಬಂದು
ಜೋಡಿ ಗೆರೆ ಎಳೆಯಿತು.
ಮೇಕೆಗಳು ಅದನ್ನು ತಿದ್ದಿದವು.
ತಿರುವುಗಳಷ್ಟೇ ನಮ್ಮವು,
ಲಂಟಾನದ ಮುಳ್ಳಿಗೆ ಒಂದಿಷ್ಟು ಚರ್ಮ ಕೊಟ್ಟು
ಪಡೆದದ್ದು.

ಮೋಡ ಕವಿದ ದಿನ ತಂತಿ ಗುಂಯ್‌ಗುಡುತ್ತದೆ.
"ಯಾರ ಮನೆ ಮಿಕ್ಸಿನೋ
ನಮ್ಮ ತಲೆ ಮೇಲೆ ಹೋಗ್ತಾ ಇದೆ" ಅಂತಾಳೆ ಶಾಹಿದಾ,
ಇಳಿಜಾರಿನಲ್ಲೂ ಬ್ರೇಕು ಹಿಡಿಯದೆ.

ಮೂವತ್ತೆಂಟರ ನಾಲ್ಕು ಕಾಲುಗಳ ನಡುವೆ
ಪಿಳ್ಳಪ್ಪ ಸೊಪ್ಪು ಬೆಳೆಯುತ್ತಾನೆ.
ದಂಟು, ಕೀರೆ, ಒಂದೇ ಒಂದು ಸಾಲು ಮೂಲಂಗಿ.
ಜಾಗ ನಿಮ್ಮದಾ ಎಂದು ಒಮ್ಮೆ ಕೇಳಿದ್ದೆ.
"ಕರೆಂಟ್‌ನೋರ್ದು."
ಮಣ್ಣು?
"ಅದೂ ಅವ್ರದೇ. ಬೆಳೆಯೋದು ನಂದು."
ಕಟ್ಟಿಗೆ ಹತ್ತು ರೂಪಾಯಿ. ಚಿಲ್ಲರೆ ಇಲ್ಲದಿದ್ದರೆ
ಮುಂದಿನ ವಾರ.

ಹೋದ ತಿಂಗಳು ಒಬ್ಬ ಹುಡುಗ ಹಾರೆ ಹಿಡಿದು
ದಾರಿಯ ನಟ್ಟನಡುವೆ ಗುಂಡಿ ತೋಡುತ್ತಿದ್ದ.
ಪಕ್ಕದಲ್ಲಿ ಬೋರ್ಡು ಅಂಗಾತ ಬಿದ್ದಿತ್ತು:
ತಲೆಬುರುಡೆ, ಎರಡು ಮೂಳೆ,
ಅತಿಕ್ರಮ ಪ್ರವೇಶ ನಿಷೇಧಿಸಲಾಗಿದೆ.
ನಾವು ಇಳಿದು ನಿಂತೆವು.
ಅವನು ಬೆವರು ಒರೆಸಿಕೊಂಡ, ಹಾರೆ ಒರಗಿಸಿದ,
ನನ್ನ ಹ್ಯಾಂಡಲ್ಲನ್ನೇ ನೋಡಿದ.
"ಅಕ್ಕಾ, ಗೇರ್ ಸೈಕಲ್ಲಾ? ಒಂದು ರೌಂಡು ಕೊಡ್ತೀರಾ?"

ಕೊಟ್ಟೆ.
ಚಪ್ಪಲಿ ಬಿಟ್ಟು ಹತ್ತಿದ.
ಹುಣಸೆಮರದ ಹತ್ತಿರ ಹಾರಿದ,
ಹಾರಿದ್ದಕ್ಕೆ ತಾನೇ ಹೆದರಿ ಕೂಗಿದ,
ನಲವತ್ತೊಂದನ್ನು ಸುತ್ತಿ ಬಂದ.
ಬಂದವನು ಸೈಕಲ್ಲಿನ ಧೂಳು ಅಂಗಿಯಲ್ಲಿ ಒರೆಸಿ
ನನಗೆ ಒಪ್ಪಿಸಿ,
ಬೋರ್ಡು ಎತ್ತಿ ನಿಲ್ಲಿಸಿ
ಸುತ್ತ ಕಲ್ಲು ತುಂಬಿ ಚೆನ್ನಾಗಿ ಜಡಿದ.
ಕೆಲಸ ಕೆಲಸವೇ.

ಈ ಭಾನುವಾರ ನೋಡಿದರೆ
ಬೋರ್ಡಿನ ಬುಡದಲ್ಲಿ ದಾರಿ ಕವಲೊಡೆದು
ಆಚೆ ಹೋಗಿ ಕೂಡಿಕೊಂಡಿದೆ.
ಎಡಕ್ಕೆ ಹಿಕ್ಕೆ, ಬಲಕ್ಕೆ ಯಾರದೋ ಟೈರಿನ ಅಚ್ಚು.
ಪಿಳ್ಳಪ್ಪ ಕಂಬಕ್ಕೆ ಹೀರೆಬಳ್ಳಿ ಹಬ್ಬಿಸಲು
ಹುರಿ ಕಟ್ಟಿದ್ದಾನೆ.

ಸ್ವಲ್ಪ ಹೊತ್ತು ಓದುತ್ತ ನಿಂತೆವು.
ಆಮೇಲೆ ಶಾಹಿದಾ ನನ್ನ ಚೀಲಕ್ಕೆ ಕೈ ಹಾಕಿ
ಸ್ಪ್ಯಾನರು ತೆಗೆದಳು,
ತಮ್ಮನ ಸೀಟನ್ನು ಎರಡಿಂಚು ಇಳಿಸಿದಳು,
ಬಿಗಿ ಮಾಡಿದಳು.