ನಾಲ್ಕನೇ ಜ್ವರ

ಟಿವಿಯೊಳಗೆ ಹಿಂದಿ ಮಾತಾಡುವ ಜಪಾನಿ ಹುಡುಗ
ಕೊನೆಯ ಕಾರ್ಡಿಗೆ ಕೈ ಹಾಕಿದರೆ
ಬಾಗಿಲು ಹಾಕಿದ ಕೋಣೆಯಲ್ಲೂ ಗಾಳಿ ಎದ್ದು
ಅವನ ಕೂದಲು ಹಾರುತ್ತದೆ, ಆಕಾಶ ಬಿರಿಯುತ್ತದೆ,
ಒಂದು ಕಾರ್ಡು ಎಳೆಯಲು ಅರ್ಧ ಕಂತು ಬೇಕು.

ಊರಿಗೆ ಚಿಂತಾಮಣಿ ಅಂತ ಹೆಸರು;
ನನ್ನ ಪಾಲಿಗೆ ಬಂದದ್ದು ಅದರ ಮೊದಲರ್ಧ.
ಸ್ಟೇಷನರಿ ಅಂಗಡಿಯ ಮಹಡಿ, ಕೆಟ್ಟ ಫ್ಯಾನು,
ಎದುರಿಗೆ ಸುಹೇಲ್, ಬಾಯಲ್ಲಿ ಕಡ್ಲೆಮಿಠಾಯಿ.
ನನ್ನ ಕಟ್ಟಿನಲ್ಲಿ ಉಳಿದದ್ದು ಒಂದೇ ಕಾರ್ಡು.
ಬೆರಳು ಅದರ ಮೇಲಿಟ್ಟೆ,
"ಸೋತೆ" ಅಂದೆ,
ತಿರುಗಿಸಲೇ ಇಲ್ಲ.

ಏನಾಗಿತ್ತೋ ಅದು. ನೋಡದೆ ಕಲಸಿಬಿಟ್ಟೆ.
ಎಂಟು ತಿಂಗಳು ನನ್ನೊಳಗೆ ಬೋರಲು ಬಿದ್ದಿತ್ತು.
ಲೆಕ್ಕದ ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರವನ್ನೂ
ಹೊಡೆದುಹಾಕಿ ಬಂದೆ, ತಪ್ಪಾದರೆ ಅಂತ.

ಅಜ್ಜಿಗೆ ಇದೆಲ್ಲ ಇಸ್ಪೀಟೆಲೆ.
"ಪೊಲೀಸರು ಬಂದ್ರೆ ನಾನು ನಿನ್ನಜ್ಜಿ ಅಲ್ಲ."
ಆದರೂ ಮೇಲೂರಿನ ಲಗ್ನಪತ್ರಿಕೆಗಳನ್ನೆಲ್ಲ
ನನ್ನ ಕತ್ತರಿಗೆಂದೇ ಎತ್ತಿಡುತ್ತಾಳೆ.
ಬೆನ್ನಿಗೆ ಖಾಕಿ ಕಾಗದ ಅಂಟಿಸುತ್ತೇನೆ;
ನನ್ನ ಒಂದೊಂದು ಡ್ರ್ಯಾಗನ್ನಿನ ಹೊಟ್ಟೆಯಲ್ಲೂ
ಯಾರದೋ ಮುಹೂರ್ತ.

ಮೊನ್ನೆ ರಾತ್ರಿ ಹುಳುಮನೆಯಲ್ಲಿ
ಟಾರ್ಚು ಹಿಡಿದು ಅವಳ ಹಿಂದೆ ನಿಂತಿದ್ದೆ.
ನಾಲ್ಕನೇ ಜ್ವರ. ಹುಳುಗಳೆಲ್ಲ ತಲೆ ಎತ್ತಿ
ಕಲ್ಲಾಗಿದ್ದವು, ಸೊಪ್ಪು ಮುಟ್ಟದೆ.
"ಹೆದರಿವೆಯಾ?" ಅಂದೆ.
"ಹೆದರಿಕೆ ಯಾತರದು? ಚರ್ಮ ಬಿಗಿಯಾಗಿದೆ, ಅಷ್ಟೆ.
ಈಗ ಮುಟ್ಟಬ್ಯಾಡ."

ಇವತ್ತು ಮತ್ತೆ ಆ ಮಹಡಿ. ಅದೇ ಫ್ಯಾನು.
ಸುಹೇಲನಿಗೆ ಮೀಸೆ ಚಿಗುರಿದೆ.
ಮತ್ತೆ ಒಂದೇ ಕಾರ್ಡು.
ಕೈ ಕಲ್ಲಾಯಿತು, ಉಗುರಲ್ಲಿ
ಹಿಪ್ಪುನೇರಳೆ ಹಾಲಿನ ಕರೆ.
ಚರ್ಮ ಬಿಗಿಯಾಗಿದೆ, ಅಷ್ಟೆ.
ಕೂತೆ. ಯಾರೂ ಮುಟ್ಟಲಿಲ್ಲ.
ಆಮೇಲೆ ಎಳೆದೆ.

ಆಕಾಶ ಬಿರಿಯಲಿಲ್ಲ.
ಬಂದದ್ದು ಬೇಲಿ ಕಾರ್ಡು, ಆರನೇ ಕ್ಲಾಸಿನಲ್ಲಿ ಬರೆದದ್ದು,
ಎರಡೇ ಅಂಕದ್ದು, ಕುರಿ ಕೂಡ ದಾಟುವಂಥ ಬೇಲಿ.
ಸುಹೇಲನ ಗರುಡ ಅದನ್ನು ನೋಡಲೂ ಇಲ್ಲ.
ಸೋತೆ. ಪೂರ್ತಿ ಸೋತೆ, ಕೊನೆಯ ಕಾರ್ಡಿನವರೆಗೂ ಸೋತೆ,
ನಗು ತಡೆಯಲಾಗಲಿಲ್ಲ.
"ಇದನ್ನ್ಯಾಕೆ ಇಟ್ಕೊಂಡಿದೀಯ?" ಅಂದ.
"ಇರ್ಲಿ ಬಿಡು. ಇನ್ನೊಂದಾಟ?"

ಕೊನೆಯ ಬಸ್ಸು. ಮೇಲೂರು. ಹುಳುಮನೆ ದೀಪ.
"ಏನಾಯ್ತು?"
"ಸೋತೆ."
"ಪೋನೀಲೇ" ಅಂತ ತೆಲುಗಲ್ಲಿ ಅಂದು
ತಟ್ಟೆಗೆ ಸೊಪ್ಪು ಸುರಿದಳು ಅಜ್ಜಿ.
ಜ್ವರ ಎದ್ದ ಹುಳುಗಳು ತಿನ್ನತೊಡಗಿದವು,
ಹಳೇ ಚರ್ಮ ಪಕ್ಕದಲ್ಲೇ ಬಿದ್ದಿತ್ತು.
ದೀಪ ಆರಿಸಿದ ಮೇಲೂ ಆ ಸದ್ದು:
ಸಾವಿರ ಕೈಗಳು ಕೂತು
ಎಲೆ ಕಲಸಿದಂತೆ.